ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ

ಹಳ್ಳಿಯ ಜನರಿಗೆ ತೀರ ಹತ್ತಿರದಲ್ಲಿ ವೈದ್ಯರೊಬ್ಬರು ಸಿಗುವ ಸರ್ಕಾರಿ ಚಿಕಿತ್ಸಾಲಯವೇ ಪ್ರಾಥಮಿಕ ಆರೋಗ್ಯ ಕೇಂದ್ರ. ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಎಂಬುದು ರಾಷ್ಟ್ರೀಯ ಲೆಕ್ಕ. ಇದರ ಕೆಳಗೆ 5,000 ಅಥವಾ 3,000 ಜನರಿಗೊಂದು ಉಪಕೇಂದ್ರ, ಮೇಲೆ ಸಮುದಾಯ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆ ಇರುತ್ತವೆ. ಊರಿನವರು ಇದನ್ನು ಬರೀ ಆಸ್ಪತ್ರೆ ಎನ್ನುತ್ತಾರೆ, ಡಾಕ್ಟರು ಇದ್ದಾರೆಯೇ ಎಂಬ ಒಂದೇ ಪ್ರಶ್ನೆಯಿಂದ ಅದನ್ನು ಅಳೆಯುತ್ತಾರೆ. ಆದರೆ 2012ರಲ್ಲಿ ಪರಿಷ್ಕರಿಸಿದ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ತಿಂಗಳಿಗೆ 20ಕ್ಕಿಂತ ಕಡಿಮೆ ಹೆರಿಗೆಯಾಗುವ ಕೇಂದ್ರಕ್ಕೆ ಅಗತ್ಯವೆಂದು ಹೇಳಿದ 13 ಮಂದಿಯಲ್ಲಿ ವೈದ್ಯರು ಒಬ್ಬರೇ. ಉಳಿದ ಹನ್ನೆರಡು ಮಂದಿಯಲ್ಲಿ ಮೂವರು ಶುಶ್ರೂಷಕಿಯರು, ಒಬ್ಬ ಫಾರ್ಮಸಿಸ್ಟ್, ಒಬ್ಬ ಪ್ರಯೋಗಾಲಯ ತಂತ್ರಜ್ಞ, ಕ್ಷೇತ್ರಕಾರ್ಯದ ಮೂವರು ಆರೋಗ್ಯ ಸಿಬ್ಬಂದಿ, ಲೆಕ್ಕಪತ್ರ ಮತ್ತು ದತ್ತಾಂಶ ನೋಡಿಕೊಳ್ಳುವ ಒಬ್ಬರು, ಸಹಾಯಕ ಹಾಗೂ ಸ್ವಚ್ಛತಾ ಕೆಲಸದ ಮೂವರು. ಇವರಲ್ಲಿ ಯಾರನ್ನೂ ವೈದ್ಯರ ಕೈಯಾಳು ಎಂದು ತಿಳಿಯುವುದು ಸರಿಯಲ್ಲ. ಪ್ರತಿಯೊಬ್ಬರ ಬಳಿಯೂ ಬೇರೆಯವರು ಮಾಡಲಾಗದ, ಮಾಡದಿದ್ದರೆ ಚಿಕಿತ್ಸೆಯೇ ಅರ್ಧಕ್ಕೆ ನಿಲ್ಲುವ ಕೆಲಸವೊಂದಿದೆ. ಕೇಂದ್ರದ ಶಕ್ತಿಯನ್ನು ನಿರ್ಧರಿಸುವುದು ಈ ಕೆಲಸಗಳು ಒಂದು ಕೈಯಿಂದ ಇನ್ನೊಂದು ಕೈಗೆ ಕಡಿಯದೆ ಸಾಗುವ ಬಗೆ. ಈ ಲೇಖನ ಒಂದೊಂದು ಹುದ್ದೆಯನ್ನೂ ಆ ದೃಷ್ಟಿಯಿಂದಲೇ ಪರಿಶೀಲಿಸುತ್ತದೆ.

ಬೆಳೆದು ಬಂದ ಬಗೆ

ವೈದ್ಯರೊಬ್ಬರ ಸುತ್ತ ಬೇರೆ ಬೇರೆ ಕೌಶಲದವರನ್ನು ಒಂದೇ ಸೂರಿನಡಿ ಕೂಡಿಸಬೇಕೆಂಬ ಯೋಚನೆ ಆರೋಗ್ಯ ಕೇಂದ್ರದ ಕಲ್ಪನೆಯೊಂದಿಗೇ ಹುಟ್ಟಿತು. ಬ್ರಿಟನ್ನಿನಲ್ಲಿ 1920ರ ಡಾಸನ್ ವರದಿ ಪ್ರಾಥಮಿಕ ಹಾಗೂ ದ್ವಿತೀಯ ಆರೋಗ್ಯ ಕೇಂದ್ರಗಳ ನಕ್ಷೆಯನ್ನು ಮುಂದಿಟ್ಟಿತು. ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದನ್ನು ನಡೆಸಿ, ರೋಗ ತಡೆ, ನೈರ್ಮಲ್ಯ ಮತ್ತು ತಾಯಿ-ಮಗುವಿನ ಆರೈಕೆಯನ್ನು ಒಂದೇ ತಂಡದ ಹೊಣೆಯಾಗಿಸುವ ಪ್ರಯೋಗಕ್ಕೆ ಕೈಹಾಕಿತು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಜೋಸೆಫ್ ಭೋರ್ ಸಮಿತಿ ಇದನ್ನು ಇಡೀ ದೇಶಕ್ಕೆ ಅನ್ವಯಿಸಿತು. 40,000 ಜನರ ಕೇಂದ್ರವೊಂದಕ್ಕೆ ಅದು ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ದಾದಿಯರು, ಒಬ್ಬ ದಾದಿ, ನಾಲ್ವರು ಪ್ರಸೂತಿ ದಾದಿಯರು, ತರಬೇತಾದ ನಾಲ್ವರು ಸೂಲಗಿತ್ತಿಯರು, ಇಬ್ಬರು ನೈರ್ಮಲ್ಯ ಪರಿವೀಕ್ಷಕರು, ಇಬ್ಬರು ಆರೋಗ್ಯ ಸಹಾಯಕರು, ಒಬ್ಬ ಫಾರ್ಮಸಿಸ್ಟ್ ಹಾಗೂ ಹದಿನೈದು ಮಂದಿ ಕೆಳದರ್ಜೆಯ ನೌಕರರು ಬೇಕೆಂದಿತು. ಇಬ್ಬರು ವೈದ್ಯರಿಗೆ ಎದುರಾಗಿ ಹೆರಿಗೆ ಮತ್ತು ಶುಶ್ರೂಷೆಗೆಂದೇ ಹದಿಮೂರು ಮಂದಿ! ಆ ಕಾಲದ ಮರಣಗಳಲ್ಲಿ ದೊಡ್ಡ ಪಾಲು ಬಾಣಂತಿಯರದು ಮತ್ತು ಎಳೆಗೂಸುಗಳದು ಎಂಬುದನ್ನು ನೆನೆದರೆ ಈ ಲೆಕ್ಕದ ಹಿಂದಿನ ವಿವೇಕ ತಿಳಿಯುತ್ತದೆ. 1952ರಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದೊಂದಿಗೆ ಕೇಂದ್ರಗಳು ತೆರೆಯತೊಡಗಿದವು. ಆದರೆ ಭೋರ್ ಸಮಿತಿ ಬಯಸಿದಷ್ಟು ಸಿಬ್ಬಂದಿಯನ್ನು ಅವುಗಳಿಗೆ ಕೊಡಲಾಗಲಿಲ್ಲ. ಕಟ್ಟಡ ಮೊದಲು, ಸಿಬ್ಬಂದಿ ಆಮೇಲೆ ಎಂಬ ರೂಢಿ ಆಗಲೇ ಬೇರೂರಿತು.

ಮುಂದಿನ ದೊಡ್ಡ ತಿರುವು 1973ರ ಕರ್ತಾರ್ ಸಿಂಗ್ ಸಮಿತಿಯದು. ಅದುವರೆಗೆ ಮಲೇರಿಯಾಕ್ಕೊಬ್ಬ, ಸಿಡುಬಿನ ಲಸಿಕೆಗೊಬ್ಬ, ಕುಟುಂಬ ಯೋಜನೆಗೊಬ್ಬ ಎಂದು ಒಂದೇ ಮನೆಯ ಬಾಗಿಲಿಗೆ ಹಲವರು ಬರುತ್ತಿದ್ದರು. ಅವರವರ ಕಾರ್ಯಕ್ರಮದ ಆಚೆಗೆ ಯಾರೂ ನೋಡುತ್ತಿರಲಿಲ್ಲ. ಸಮಿತಿ ಇವರನ್ನೆಲ್ಲ ಸೇರಿಸಿ ಬಹೂದ್ದೇಶ ಕಾರ್ಯಕರ್ತರನ್ನಾಗಿಸಿತು: ಉಪಕೇಂದ್ರವೊಂದಕ್ಕೆ ಒಬ್ಬ ಪುರುಷ, ಒಬ್ಬ ಮಹಿಳೆ. 1978ರ ಆಲ್ಮಾ ಆಟಾ ಘೋಷಣೆ, 1983ರ ರಾಷ್ಟ್ರೀಯ ಆರೋಗ್ಯ ನೀತಿ, 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಅದು ತಂದ ಆಶಾ ಕಾರ್ಯಕರ್ತೆ, 2018ರಿಂದ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿ, ಇವು ಮುಂದಿನ ಮೆಟ್ಟಿಲುಗಳು. ಪ್ರತಿ ಹಂತದಲ್ಲೂ ಹೊಸ ಹುದ್ದೆ ಹುಟ್ಟಿದ್ದು ಯಾವುದೋ ಒಂದು ಕೆಲಸ ಯಾರ ಕೈಗೂ ಸಿಗದೆ ಬಿದ್ದುಹೋಗುತ್ತಿದೆ ಎಂಬುದು ಕಂಡಾಗ.

ಕೇಂದ್ರದೊಳಗಿನವರು

ಆಡಳಿತ ವೈದ್ಯಾಧಿಕಾರಿಯದು ಎರಡು ಬಗೆಯ ಹೊಣೆ. ಬೆಳಗಿನ ಹೊತ್ತು ಹೊರರೋಗಿಗಳನ್ನು ನೋಡುವುದು, ಔಷಧ ಬರೆಯುವುದು, ಕಷ್ಟದ ಪ್ರಕರಣಗಳನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕಳಿಸುವುದು ಒಂದು. ಉಪಕೇಂದ್ರಗಳ ಮೇಲ್ವಿಚಾರಣೆ, ಸಾಂಕ್ರಾಮಿಕ ರೋಗಗಳ ವರದಿ, ಸಿಬ್ಬಂದಿಯ ವೇತನ ಮತ್ತು ರಜೆ, ಕಾನೂನಿಗೆ ಸಂಬಂಧಿಸಿದ ಗಾಯದ ಪ್ರಮಾಣಪತ್ರ, ತಾಲ್ಲೂಕು ಆರೋಗ್ಯಾಧಿಕಾರಿಯ ಸಭೆಗಳು ಇನ್ನೊಂದು. ಈ ಎರಡನೆಯ ಪಾಲು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಿಗೆ ಕಾಣುವುದಿಲ್ಲ. ವೈದ್ಯರು ಕುರ್ಚಿಯಲ್ಲಿಲ್ಲದ ದಿನ ಅವರು ಕೆಲಸದಲ್ಲೇ ಇಲ್ಲವೆಂದು ಜನ ತಿಳಿಯುವುದಕ್ಕೆ ಇದೂ ಒಂದು ಕಾರಣ. ಹಳ್ಳಿಗಳಲ್ಲಿ ವೈದ್ಯರ ಕೊರತೆಯನ್ನು ನೀಗಿಸಲು ಕರ್ನಾಟಕ 2012ರಲ್ಲಿ ವೈದ್ಯಕೀಯ ಪದವೀಧರರ ಕಡ್ಡಾಯ ಸೇವೆಯ ಕಾಯ್ದೆಯನ್ನೇ ತಂದಿತು. ಆ ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ಒಂದು ವರ್ಷಕ್ಕೆಂದು ಬಂದ ತರುಣ ವೈದ್ಯರಿಗೆ ಊರಿನ ಪರಿಚಯ ಮಾಡಿಕೊಡುವವರು, ಯಾವ ಮನೆಯಲ್ಲಿ ಕಳೆದ ವರ್ಷ ಬಾಣಂತಿ ತೀರಿಕೊಂಡಳು, ಯಾವ ತಾಂಡಾದಲ್ಲಿ ಮಕ್ಕಳಿಗೆ ಲಸಿಕೆ ತಪ್ಪಿದೆ ಎಂದು ಹೇಳುವವರು ಅಲ್ಲೇ ಬೇರುಬಿಟ್ಟ ಉಳಿದ ಸಿಬ್ಬಂದಿ. ವೈದ್ಯರು ಬದಲಾಗುತ್ತಿರುವ ಕೇಂದ್ರಕ್ಕೆ ನೆನಪಿನ ಶಕ್ತಿ ಕೊಡುವವರು ಅವರೇ.

ಕರ್ನಾಟಕದಲ್ಲಿ ಈಗ ಶುಶ್ರೂಷಾಧಿಕಾರಿ ಎಂದು ಕರೆಯುವ ಸ್ಟಾಫ್ ನರ್ಸ್, ಜನರ ಬಾಯಲ್ಲಿ ಸಿಸ್ಟರ್. ಚುಚ್ಚುಮದ್ದು, ಡ್ರಿಪ್, ಗಾಯದ ಶುಶ್ರೂಷೆ, ಹಾವು ಕಚ್ಚಿ ಬಂದವರಿಗೆ ವೈದ್ಯರ ಸೂಚನೆಯಂತೆ ವಿಷನಿರೋಧಕ ಮದ್ದು ಏರಿಸಿ ಗಂಟೆಗಟ್ಟಲೆ ಕಣ್ಣಿಟ್ಟು ಕಾಯುವುದು ಇವರ ಕೆಲಸ. ಎಲ್ಲಕ್ಕೂ ಮಿಗಿಲಾಗಿ ಸಹಜ ಹೆರಿಗೆಗಳನ್ನು ನಡೆಸುವವರು ಇವರು. ಹೆರಿಗೆಯ ನೋವು ಹಗಲು ಹತ್ತರಿಂದ ಸಂಜೆ ನಾಲ್ಕರ ಸಮಯ ನೋಡಿ ಬರುವುದಿಲ್ಲ. ಹಾಗಾಗಿ ರಾತ್ರಿಯ ಪಾಳಿಯಲ್ಲಿ ಕೇಂದ್ರವೆಂದರೆ ಬಹುಮಟ್ಟಿಗೆ ಸಿಸ್ಟರ್ ಮತ್ತು ಒಬ್ಬ ಡಿ ಗ್ರೂಪ್ ನೌಕರರೇ. ಇಲ್ಲಿ ಸರಳ ಲೆಕ್ಕವೊಂದನ್ನು ಹಾಕಬೇಕು. ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ 21 ಪಾಳಿ. ಮೂವರು ನರ್ಸ್‌ಗಳಿಗೆ ವಾರಕ್ಕೊಂದು ದಿನ ವಿಶ್ರಾಂತಿ ಕೊಟ್ಟರೆ ಅವರು ತುಂಬಬಲ್ಲದ್ದು 18. ಯಾರೂ ರಜೆ ಹಾಕದಿದ್ದರೂ, ಯಾರಿಗೂ ತರಬೇತಿ ಇಲ್ಲದಿದ್ದರೂ ವಾರಕ್ಕೆ ಮೂರು ಪಾಳಿ ಖಾಲಿ. ಮೂವರಲ್ಲಿ ಒಂದು ಹುದ್ದೆ ತೆರವಾದರೆ ಇಪ್ಪತ್ತನಾಲ್ಕು ಗಂಟೆಯ ಹೆರಿಗೆ ಸೇವೆ ಎಂಬ ಫಲಕ ಗೋಡೆಯ ಮೇಲಷ್ಟೇ ಉಳಿಯುತ್ತದೆ, ವೈದ್ಯರು ಎಷ್ಟೇ ನಿಷ್ಠಾವಂತರಾಗಿದ್ದರೂ.

ಹಿಂದೆ ಕಾಂಪೌಂಡರ್ ಎನಿಸಿಕೊಂಡ ಫಾರ್ಮಸಿಸ್ಟ್ ಕಿಟಕಿಯ ಆಚೆ ನಿಂತು ಮಾತ್ರೆ ಎಣಿಸಿ ಕೊಡುವುದು ಅವರ ಕೆಲಸದ ಕಣ್ಣಿಗೆ ಬೀಳುವ ಭಾಗ. ಯಾವ ಔಷಧ ಎಷ್ಟು ಉಳಿದಿದೆ, ಮಳೆಗಾಲದ ಜ್ವರಕ್ಕೆ, ಬೇಸಿಗೆಯ ಭೇದಿಗೆ ಎಷ್ಟು ಬೇಕಾದೀತು ಎಂದು ಮುಂಚಿತವಾಗಿ ಇಂಡೆಂಟ್ ಹಾಕುವುದು, ಅವಧಿ ಮುಗಿಯುವ ದಾಸ್ತಾನನ್ನು ಮೊದಲು ಬಳಸುವುದು ಕಾಣದ ಭಾಗ. ಬಿಪಿ ಮತ್ತು ಶುಗರ್ ಮಾತ್ರೆ ಒಂದು ತಿಂಗಳು ತಪ್ಪಿದರೆ ರೋಗಿಗೆ ಆ ಕೇಂದ್ರದ ಮೇಲಿನ ನಂಬಿಕೆಯೂ ತಪ್ಪುತ್ತದೆ. ಔಷಧದ ಪಕ್ಕದಲ್ಲೇ ಲಸಿಕೆಯ ಶೀತಲ ಸರಪಳಿ. ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ದಿನಕ್ಕೆರಡು ಬಾರಿ ಉಷ್ಣಾಂಶ ಬರೆದಿಡಬೇಕು. ಸೀಸೆಯ ಮೇಲಿನ ಬಣ್ಣದ ಗುರುತು ಲಸಿಕೆ ಬಿಸಿಗೆ ಕೆಟ್ಟಿರುವುದನ್ನು ತೋರಿಸುತ್ತದೆ, ಆದರೆ ಹೆಪ್ಪುಗಟ್ಟಿ ಕೆಟ್ಟಿರುವುದನ್ನು ತೋರಿಸುವುದಿಲ್ಲ. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್‌ನಂಥ ಲಸಿಕೆಗಳು ಹೆಪ್ಪುಗಟ್ಟಿದರೆ ಬಲ ಕಳೆದುಕೊಳ್ಳುತ್ತವೆ. ಹೊಣೆಗಾರ ಸಿಬ್ಬಂದಿ ಇಲ್ಲದ ಕಡೆ ಮಗುವಿಗೆ ಸೂಜಿ ಬೀಳುತ್ತದೆ, ಕಾರ್ಡಿನಲ್ಲಿ ಗುರುತೂ ಬೀಳುತ್ತದೆ, ರಕ್ಷಣೆ ಮಾತ್ರ ಸಿಗದೆ ಹೋಗಬಹುದು. ಈ ಲೋಪವನ್ನು ಯಾವ ವೈದ್ಯರೂ ಮಗುವಿನ ಮುಖ ನೋಡಿ ಕಂಡುಹಿಡಿಯಲಾರರು.

ಪ್ರಯೋಗಾಲಯ ತಂತ್ರಜ್ಞರ ಬೆಲೆಯನ್ನು ತಿಳಿಸುವ ದೊಡ್ಡ ಸಾಕ್ಷ್ಯ ಕರ್ನಾಟಕದ್ದೇ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳ ಬಗ್ಗೆ ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಹಾಗಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅದು ಅಲುಗಾಡಿಸಿತು. ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಹೋದವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಕೆಮ್ಮಿನ ಔಷಧ. ರೋಗಿ ತನ್ನ ಪಾಲಿನ ಕೆಲಸ ಮಾಡಿದ್ದ, ಕಫ ಪರೀಕ್ಷೆ ಎಂಬ ಮುಂದಿನ ಕೊಂಡಿ ಅಲ್ಲಿರಲಿಲ್ಲ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಸೂಕ್ಷ್ಮದರ್ಶಕದ ಪರೀಕ್ಷೆ ಸಿಗುವಂತೆ ಮಾಡಲು ಹೊರಟದ್ದು ಈ ಬಗೆಯ ತಿಳಿವಳಿಕೆಯ ಮೇಲೆಯೇ. ಇಂದಿಗೂ ಎರಡು ವಾರ ಮೀರಿದ ಕೆಮ್ಮು, ಚಳಿ ಜ್ವರ, ಬಸುರಿಯ ರಕ್ತಹೀನತೆ, ಮೂತ್ರದಲ್ಲಿನ ಪ್ರೋಟೀನು, ಇವೆಲ್ಲ ತಂತ್ರಜ್ಞರ ಮೇಜನ್ನು ಹಾದುಹೋಗಬೇಕು. ಆ ಹುದ್ದೆ ಖಾಲಿಯಿದ್ದರೆ ವೈದ್ಯರು ಅಂದಾಜಿನ ಮೇಲೆ ಔಷಧ ಬರೆಯಬೇಕಾಗುತ್ತದೆ, ಇಲ್ಲವೇ ಬಡ ರೋಗಿ ಪೇಟೆಯ ಲ್ಯಾಬಿಗೆ ಬಸ್ಸು ಹತ್ತಬೇಕಾಗುತ್ತದೆ.

ಕೇಂದ್ರದ ಆಚೆ ನಡೆಯುವವರು

ಬ್ರಿಟನ್ನಿನ ಕುಟುಂಬ ವೈದ್ಯರ ಚಿಕಿತ್ಸಾಲಯದಲ್ಲೂ ಸ್ವಾಗತಕಾರರು, ನರ್ಸ್, ಫಾರ್ಮಸಿಸ್ಟ್, ವ್ಯವಸ್ಥಾಪಕರು ಎಂಬ ಹಂಚಿಕೆ ಇದೆ. ಅಲ್ಲಿ ರೋಗಿ ಹೆಸರು ನೋಂದಾಯಿಸಿ ತಾನೇ ಬಾಗಿಲಿಗೆ ಬರುತ್ತಾನೆ ಎಂಬ ನಂಬಿಕೆಯ ಮೇಲೆ ಕೆಲಸ ಸಾಗುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಾರದವರ ಹೊಣೆಯೂ ಉಂಟು. ಆದ್ದರಿಂದ ಅದರ ಅರ್ಧ ದೇಹ ಕಟ್ಟಡದ ಹೊರಗಿದೆ. ಉಪಕೇಂದ್ರದ ಮಹಿಳಾ ಆರೋಗ್ಯ ಸಹಾಯಕಿ, ಕರ್ನಾಟಕದಲ್ಲಿ ಈಗಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಬಸುರಿಯರ ನೋಂದಣಿ, ತಾಯಿ ಕಾರ್ಡ್, ಕಬ್ಬಿಣದ ಮಾತ್ರೆ, ಅಂಗನವಾಡಿಯಲ್ಲಿ ಲಸಿಕೆಯ ದಿನ, ಕುಟುಂಬ ಯೋಜನೆಯ ಸಲಹೆಗಳನ್ನು ನಿರ್ವಹಿಸುತ್ತಾರೆ. ಪುರುಷ ಸಹಾಯಕರು, ಈಗಿನ ಆರೋಗ್ಯ ನಿರೀಕ್ಷಣಾಧಿಕಾರಿಗಳು, ಜ್ವರದವರ ರಕ್ತಲೇಪನ, ಸೊಳ್ಳೆಯ ಲಾರ್ವಾ ಸಮೀಕ್ಷೆ, ಕುಡಿಯುವ ನೀರಿನ ಕ್ಲೋರಿನ್, ಸಾಂಕ್ರಾಮಿಕಗಳ ಮೊದಲ ಸುಳಿವು ಇವನ್ನು ನೋಡಿಕೊಳ್ಳಬೇಕು. ಮಲೆನಾಡಿನಲ್ಲಿ ಈ ಕೆಲಸದ ತೂಕ ಸ್ಪಷ್ಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಎಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಬೇಗ ಮುಟ್ಟಬೇಕು, ಉಣುಗುಗಳನ್ನು ಪರೀಕ್ಷೆಗೆ ಕಳಿಸಬೇಕು, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಮನೆಮನೆಗೆ ತಲುಪಬೇಕು. ಇಷ್ಟೂ ಕ್ಷೇತ್ರ ಸಿಬ್ಬಂದಿಯ ಕಾಲ್ನಡಿಗೆಯ ಮೇಲೆ ನಿಂತಿವೆ. ಜ್ವರ ಬಂದವರು ಹೊರರೋಗಿ ವಿಭಾಗಕ್ಕೆ ಬರುವ ಹೊತ್ತಿಗೆ ತಡೆಯುವ ಅವಕಾಶ ಕೈತಪ್ಪಿರುತ್ತದೆ.

ಆಶಾ ಕಾರ್ಯಕರ್ತೆ ಸುಮಾರು 1,000 ಜನರಿಗೆ ಒಬ್ಬರು, ಅದೇ ಊರಿನ ಹೆಣ್ಣುಮಗಳು. 30,000 ಜನರ ಕೇಂದ್ರವೊಂದಕ್ಕೆ ಹೀಗೆ ಮೂವತ್ತು ಮಂದಿ ಕಣ್ಣು-ಕಿವಿಗಳಾಗುತ್ತಾರೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಅವರು 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಹೋಗಿ ನೋಡಬೇಕು. ತೂಕ, ಮೈಯ ಬಿಸಿ, ಹಾಲು ಕುಡಿಯುವ ರೀತಿ, ಉಸಿರಾಟ, ಹೊಕ್ಕುಳಿನ ಸ್ಥಿತಿಗಳನ್ನು ಪರೀಕ್ಷಿಸಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿಯಿಂದ ಗೌರವಿಸಿತು. ಆದರೂ ಅವರು ಸರ್ಕಾರಿ ನೌಕರರ ಪಟ್ಟಿಯಲ್ಲಿಲ್ಲ, ಸಿಗುವುದು ಗೌರವಧನ ಮತ್ತು ಕೆಲಸವಾರು ಪ್ರೋತ್ಸಾಹಧನ. ಅತ್ಯಂತ ಕೆಳಗಿನ ಕೊಂಡಿಗೆ ಅತ್ಯಂತ ಕಡಿಮೆ ಭದ್ರತೆ ಕೊಟ್ಟು ಇಡೀ ಸರಪಳಿ ಗಟ್ಟಿಯಾಗಿರಲಿ ಎಂದು ಬಯಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಒಳಗೆ ಕಸ ಗುಡಿಸುವ, ಹೆರಿಗೆ ಕೊಠಡಿ ತೊಳೆಯುವ, ಸೂಜಿ ಮತ್ತು ರಕ್ತದ ಹತ್ತಿಯನ್ನು ಬಣ್ಣದ ಬುಟ್ಟಿಗಳಲ್ಲಿ ವಿಂಗಡಿಸುವ ಡಿ ಗ್ರೂಪ್ ನೌಕರರ ಬಗ್ಗೆಯೂ ಇದೇ ಮಾತು ಸಲ್ಲುತ್ತದೆ. ಹೆರಿಗೆ ಕೊಠಡಿಯ ಸೋಂಕನ್ನು ತಡೆಯುವ ಮೊದಲ ಕೈ ಅವರದು.

ಆಕ್ಷೇಪಗಳು ಮತ್ತು ಉತ್ತರ

ವೈದ್ಯರಿಲ್ಲದೆ ಇವರೆಲ್ಲ ಇದ್ದು ಏನು ಪ್ರಯೋಜನ ಎಂಬುದು ಮೊದಲ ಆಕ್ಷೇಪ. ರೋಗನಿರ್ಣಯದ ಅಧಿಕಾರ, ಔಷಧ ಬರೆಯುವ ಅಧಿಕಾರ, ಕಾನೂನಿನ ಹೊಣೆ ವೈದ್ಯರದೇ. ಈ ಮಾತು ನಿಜ, ವೈದ್ಯರ ಹುದ್ದೆಯನ್ನು ಖಾಲಿ ಬಿಡಬಹುದೆಂದು ಯಾರೂ ವಾದಿಸಬಾರದು. ಆದರೆ ಒಬ್ಬ ವೈದ್ಯರ ನಿರ್ಣಯ ಎಷ್ಟು ದೂರ ಮುಟ್ಟುತ್ತದೆ ಎಂಬುದು ಉಳಿದವರಿಂದ ತೀರ್ಮಾನವಾಗುತ್ತದೆ. ಇದಕ್ಕೆ ಬಳ್ಳಾರಿಯ ಅನುಭವ ಸಾಕ್ಷಿ. ನಿಮ್ಹಾನ್ಸ್ 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಅಸ್ವಸ್ಥತೆ ಮತ್ತು ಮೂರ್ಛೆರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. ಮನೋವೈದ್ಯರನ್ನು ಪ್ರತಿ ಕೇಂದ್ರಕ್ಕೂ ಕೊಡುವುದು ಆಗದ ಮಾತಾಗಿತ್ತು. ಕಾರ್ಯಕರ್ತರು ರೋಗಿಯನ್ನು ಗುರುತಿಸಿ ಕರೆತಂದರು, ವೈದ್ಯರು ಕೆಲವೇ ಆಯ್ದ ಔಷಧಗಳಿಂದ ಚಿಕಿತ್ಸೆ ಆರಂಭಿಸಿದರು, ಮಾತ್ರೆ ನಿಲ್ಲದಂತೆ ಮತ್ತೆ ಕಾರ್ಯಕರ್ತರೇ ನೋಡಿಕೊಂಡರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದೇ 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು ಮಾನಸಿಕ ಆರೋಗ್ಯ ಸೇವೆಯನ್ನು ದಿನನಿತ್ಯದ ಕೆಲಸದಲ್ಲೇ ಬೆರೆಸಿತು. ಎರಡೂ ಕಡೆ ವೈದ್ಯರ ಪಾತ್ರ ಕುಗ್ಗಲಿಲ್ಲ, ಅವರ ಕೈ ಇನ್ನಷ್ಟು ದೂರ ಚಾಚಿತು.

ಇಷ್ಟೊಂದು ಹುದ್ದೆಗಳಿದ್ದರೆ ಹೊಣೆ ಹಂಚಿಹೋಗಿ ಯಾರನ್ನೂ ಕೇಳುವಂತಿಲ್ಲ, ಕೆಲಸಗಳನ್ನು ಕೆಲವರಲ್ಲೇ ಸೇರಿಸುವುದು ಮೇಲು ಎಂಬುದು ಎರಡನೆಯ ಆಕ್ಷೇಪ. ಕರ್ತಾರ್ ಸಿಂಗ್ ಸಮಿತಿಯ ಸುಧಾರಣೆಗೆ ಇದೇ ತರ್ಕದ ಬಲವಿತ್ತು, ಮನೆಯವರಿಗೆ ಪರಿಚಿತ ಮುಖವೊಂದು ಸಿಕ್ಕಿದ್ದು ಅದರ ಲಾಭ. ಆದರೆ ಅದರ ಮುಂದಿನ ಕಥೆಯೂ ಪಾಠವೇ. ಮಹಿಳಾ ಕಾರ್ಯಕರ್ತೆಯರ ವೇತನವನ್ನು ಕೇಂದ್ರ ಸರ್ಕಾರ ಭರಿಸಿತು, ಪುರುಷ ಕಾರ್ಯಕರ್ತರದು ರಾಜ್ಯಗಳ ಪಾಲಿಗೆ ಬಂತು. ಹಣದ ಒತ್ತಡದಲ್ಲಿದ್ದ ರಾಜ್ಯಗಳು ಪುರುಷರ ಹುದ್ದೆಗಳನ್ನು ತುಂಬದೆ ಬಿಟ್ಟವು. ಹುದ್ದೆ ಖಾಲಿಯಾದರೂ ಕೆಲಸ ಮಾಯವಾಗಲಿಲ್ಲ, ಲಸಿಕೆ ಮತ್ತು ಬಸುರಿ-ಬಾಣಂತಿಯರ ಹೊರೆ ಹೊತ್ತ ಮಹಿಳೆಯ ಹೆಗಲಿಗೆ ಅದು ಜಾರಿತು, ಅಥವಾ ನಡೆಯದೆ ಹೋಯಿತು. ಹೊಣೆ ಸ್ಪಷ್ಟವಾಗಬೇಕಾದರೆ ಕೆಲಸ ಯಾರದೆಂದು ಬರೆದಿರಬೇಕು, ಆ ಮೇಜಿನಲ್ಲಿ ಒಬ್ಬರು ಕೂತಿರಬೇಕು, ಮೇಲ್ವಿಚಾರಣೆಗೆ ಹಿರಿಯ ಆರೋಗ್ಯ ಸಹಾಯಕರಿರಬೇಕು. ತಿಂಗಳ ಸಭೆ, ಸಿಬ್ಬಂದಿಯ ದಿನಚರಿ, ಆರೋಗ್ಯ ರಕ್ಷಾ ಸಮಿತಿಯ ಪರಿಶೀಲನೆಗಳು ಇರುವುದೇ ಇದಕ್ಕಾಗಿ. ಜನರನ್ನು ಕಡಿಮೆ ಮಾಡುವುದರಿಂದ ಹೊಣೆಗಾರಿಕೆ ತಾನಾಗಿ ಹುಟ್ಟುವುದಿಲ್ಲ.

ವೈದ್ಯರಲ್ಲದವರ ಕೈಗೆ ಚಿಕಿತ್ಸೆ ಕೊಡುವುದು ಹಳ್ಳಿಯವರಿಗೆ ಎರಡನೆಯ ದರ್ಜೆಯ ವೈದ್ಯಕೀಯವನ್ನು ಹಂಚಿದಂತೆ ಎಂಬುದು ಮೂರನೆಯ, ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ನಗರದವರಿಗೆ ತಜ್ಞರು, ಹಳ್ಳಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹಂಚಿಕೆಯಾದರೆ ಅದು ಖಂಡಿತ ಅನ್ಯಾಯ. ನೋಡಬೇಕಾದದ್ದು ಆ ಅಧಿಕಾರಿಗೆ ಒಪ್ಪಿಸಿದ ಕೆಲಸವನ್ನು. ಮೂವತ್ತು ದಾಟಿದವರ ಬಿಪಿ-ಶುಗರ್ ತಪಾಸಣೆ, ಬಾಯಿಯ ಮತ್ತು ಸ್ತನದ ಕ್ಯಾನ್ಸರಿನ ಪ್ರಾಥಮಿಕ ಪರೀಕ್ಷೆ, ವೈದ್ಯರು ಗೊತ್ತುಮಾಡಿದ ಔಷಧವನ್ನು ಪ್ರತಿ ತಿಂಗಳು ಹತ್ತಿರದಲ್ಲೇ ಒದಗಿಸುವುದು, ಏರುಪೇರಾದರೆ ವೈದ್ಯರ ಬಳಿಗೆ ಕಳಿಸುವುದು ಅವರ ಮುಖ್ಯ ಕೆಲಸ. ದೀರ್ಘಕಾಲದ ಕಾಯಿಲೆಯಲ್ಲಿ ಗೆಲುವು ಸಿಗುವುದು ಮಾತ್ರೆಯನ್ನು ವರ್ಷಗಟ್ಟಲೆ ಬಿಡದೆ ತೆಗೆದುಕೊಂಡಾಗ. ಅದಕ್ಕೆ ಬೇಕಾದದ್ದು ಹತ್ತಿರದ ಬಾಗಿಲು ಮತ್ತು ಹೆಸರು ಹಿಡಿದು ವಿಚಾರಿಸುವ ಮನುಷ್ಯ. ಮೇಲಕ್ಕೆ ಕಳಿಸಿದ ರೋಗಿಯನ್ನು ನೋಡಲು ಮೇಲೆ ವೈದ್ಯರಿರುವವರೆಗೆ ಈ ಹಂಚಿಕೆ ದರ್ಜೆ ಇಳಿಸುವುದಿಲ್ಲ. ಅವರಿಲ್ಲವಾದರೆ ಆಕ್ಷೇಪ ನಿಜವಾಗುತ್ತದೆ. ಅಂದರೆ ಈ ಆಕ್ಷೇಪವೂ ಕೊನೆಗೆ ಸರಪಳಿಯ ಪೂರ್ಣತೆಯನ್ನೇ ಬೇಡುತ್ತದೆ.

ಪೇಟೆಯ ಖಾಸಗಿ ಕ್ಲಿನಿಕ್ಕಿನಲ್ಲಿ ಒಬ್ಬ ವೈದ್ಯರು, ಒಬ್ಬ ಸಹಾಯಕ ಇದ್ದರೆ ಸಾಕಾಗುತ್ತದಲ್ಲ ಎಂಬ ಮಾತೂ ಕೇಳಿಬರುತ್ತದೆ. ಆ ಕ್ಲಿನಿಕ್ ತನ್ನ ಮುಂದೆ ಕೂತ ರೋಗಿಯ ಅಂದಿನ ತೊಂದರೆಗೆ ಮಾತ್ರ ಉತ್ತರಿಸಬೇಕು. ಲಸಿಕೆ ತಪ್ಪಿದ ಮಗುವನ್ನು ಹುಡುಕಿಕೊಂಡು ಹೋಗುವ, ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕಿದ್ದಾರೆಯೇ ಎಂದು ನೋಡುವ, ಕ್ಷಯದ ಔಷಧವನ್ನು ಆರು ತಿಂಗಳು ಬಿಡದೆ ನುಂಗಿಸುವ ಹೊಣೆ ಅದಕ್ಕಿಲ್ಲ. ಆ ಮಾದರಿಯನ್ನು ಸಾರ್ವಜನಿಕ ಆರೋಗ್ಯಕ್ಕೆ ಅಳತೆಗೋಲಾಗಿಸಿದರೆ ಕಣ್ಣಿಗೆ ಕಾಣುವ ಚಿಕಿತ್ಸೆ ಉಳಿದು, ಕಾಣದ ತಡೆಗಟ್ಟುವಿಕೆ ಸಾಯುತ್ತದೆ.

ಈ ವಿವೇಚನೆಯಿಂದ ಹೊರಡುವ ತೀರ್ಮಾನ ಆಡಳಿತಕ್ಕೂ ನಾಗರಿಕರಿಗೂ ಒಂದೇ. ಖಾಲಿ ಹುದ್ದೆಗಳನ್ನು ಸಂಖ್ಯೆಯಲ್ಲಿ ಹೇಳಿದರೆ ಹದಿಮೂರರಲ್ಲಿ ಹನ್ನೊಂದು ಭರ್ತಿ ಎಂಬ ವರದಿ ಸಮಾಧಾನ ಕೊಡುತ್ತದೆ. ಖಾಲಿ ಇರುವ ಆ ಎರಡು ಹುದ್ದೆಗಳಲ್ಲಿ ಒಂದು ತಂತ್ರಜ್ಞರದು, ಇನ್ನೊಂದು ನರ್ಸಿನದು ಎಂದಾದರೆ, ಆ ಕೇಂದ್ರದಲ್ಲಿ ರಕ್ತ-ಕಫ ಪರೀಕ್ಷೆಯೂ ರಾತ್ರಿಯ ಹೆರಿಗೆಯೂ ನಿಂತಿವೆ ಎಂದರ್ಥ. ಆದ್ದರಿಂದ ಪ್ರತಿ ಖಾಲಿ ಹುದ್ದೆಯನ್ನೂ ನಿಂತುಹೋದ ಸೇವೆಯೆಂದೇ ದಾಖಲಿಸಬೇಕು. ಅದನ್ನು ಕೇಂದ್ರದ ಫಲಕದಲ್ಲಿ ಬರೆಯಬೇಕು. ನರ್ಸ್, ಫಾರ್ಮಸಿಸ್ಟ್, ತಂತ್ರಜ್ಞರ ರಜೆಯ ದಿನಗಳಿಗೆ ತಾಲ್ಲೂಕು ಮಟ್ಟದಲ್ಲಿ ಬದಲಿ ಸಿಬ್ಬಂದಿಯನ್ನು ಇಟ್ಟುಕೊಳ್ಳಬೇಕು. ಆಶಾ ಮತ್ತು ಗುತ್ತಿಗೆ ನೌಕರರ ಭದ್ರತೆಯನ್ನು ರೋಗಿಯ ಸುರಕ್ಷತೆಯ ಭಾಗವಾಗಿ ಕಾಣಬೇಕು. ಗ್ರಾಮ ಪಂಚಾಯಿತಿ ಸದಸ್ಯರೂ ಆರೋಗ್ಯ ರಕ್ಷಾ ಸಮಿತಿಯವರೂ ಡಾಕ್ಟರು ಇದ್ದಾರೆಯೇ ಎಂಬ ಪ್ರಶ್ನೆಯ ಜೊತೆಗೆ ಇನ್ನೂ ಮೂರನ್ನು ಕೇಳಲಿ: ಇವತ್ತು ಕಫ ಪರೀಕ್ಷೆ ನಡೆಯುತ್ತದೆಯೇ, ಇವತ್ತಿನ ರಾತ್ರಿ ಪಾಳಿಗೆ ಸಿಸ್ಟರ್ ಇದ್ದಾರೆಯೇ, ಹೋದ ವಾರ ಹುಟ್ಟಿದ ಮಗುವನ್ನು ಯಾರು ಹೋಗಿ ನೋಡಿದರು? ಈ ಮೂರಕ್ಕೂ ಉತ್ತರ ಸಿಗುವ ಊರಿನಲ್ಲಿ ವೈದ್ಯರ ವಿದ್ಯೆ ಕೊನೆಯ ಮನೆಯವರೆಗೂ ತಲುಪುತ್ತದೆ.